ಗೋಣಿಚೀಲ ಹಿಡಿಯುವ ಮುನ್ನ: ಮುಂಬೈಯ ಸೊಸೈಟಿ ಕಮಿಟಿಗಳಿಗೆ ಬಹಿರಂಗ ಪತ್ರ

ಮಾನ್ಯ ಚೇರ್ಮನ್, ಸೆಕ್ರೆಟರಿ, ಖಜಾಂಚಿಯವರೇ, ಸದಸ್ಯರೇ,

ಮುಲುಂಡ್, ಘಾಟ್‌ಕೋಪರ್, ಚೆಂಬೂರ್, ಅಂಧೇರಿ, ಬೊರಿವಲಿ, ಎಲ್ಲಿ ನೋಡಿದರೂ ಹೌಸಿಂಗ್ ಸೊಸೈಟಿಯ ಕಮಿಟಿಯಲ್ಲಿ ನಮ್ಮ ಕನ್ನಡದವರು ಒಬ್ಬಿಬ್ಬರಾದರೂ ಇದ್ದೇ ಇರುತ್ತೀರಿ. ಅದಕ್ಕೇ ಈ ಪತ್ರ ಕನ್ನಡದಲ್ಲಿ. ದೀಪಾವಳಿ ಕಳೆದು ಮೀಟಿಂಗ್ ಕರೆದಾಗ ನೀರಿನ ಟ್ಯಾಂಕರ್, ಲಿಫ್ಟ್ ರಿಪೇರಿ, ಪಾರ್ಕಿಂಗ್ ಜಗಳ ಎಲ್ಲ ಮುಗಿದ ಮೇಲೆ ಯಾರಾದರೊಬ್ಬರು ಎದ್ದು ನಿಲ್ಲುತ್ತಾರೆ: 'ಈ ಬೆಕ್ಕುಗಳದ್ದು ಏನಾದರೂ ಮಾಡಿ ಮಾರಾಯ್ರೆ.' ಏನು ಮಾಡುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿರುವ ಗುಟ್ಟು. ವಾಚ್‌ಮನ್ ಕೈಗೆ ಒಂದು ಗೋಣಿಚೀಲ, ಮೇಲೆ ರಿಕ್ಷಾ ಬಾಡಿಗೆ. ಬೆಳಗಾಗುವುದರೊಳಗೆ ಐದಾರು ಬೆಕ್ಕು ಯಾವುದೋ ಮೀನು ಮಾರ್ಕೆಟಿನ ಹಿಂದೆಯೋ ಸಮುದ್ರದ ಖಾಡಿಯ ಬದಿಯಲ್ಲೋ ಬಿದ್ದಿರುತ್ತವೆ.

ಆ ಬೆಕ್ಕುಗಳಿಗೆ ಊಟ ಹಾಕುವ ನಾವು, ಆ ಚೀಲ ಬೇಡ ಎಂದು ಕೇಳಿಕೊಳ್ಳಲು ಬರೆಯುತ್ತಿದ್ದೇವೆ. ಪ್ರಾಣಿದಯೆಯ ಮಾತು ಇಲ್ಲಿ ಎತ್ತುವುದಿಲ್ಲ. ನಿಮಗೆ ಬೇಕಾಗಿರುವುದು ಬೆಕ್ಕು ಕಡಿಮೆಯಾಗಬೇಕು, ಕಟ್ಟಡದಡಿಯ ಸ್ಟಿಲ್ಟ್ ಪಾರ್ಕಿಂಗ್‌ನ ವಾಸನೆ ಹೋಗಬೇಕು, ರಾತ್ರಿಯ ಕಿರುಚಾಟ ನಿಲ್ಲಬೇಕು ಎಂದು. ನಮಗೆ ಬೇಕಾಗಿರುವುದೂ ಅದೇ. ಚೀಲದಿಂದ ಅದು ಯಾಕೆ ಆಗುವುದಿಲ್ಲ, ಬೆಕ್ಕನ್ನು ಹಿಡಿದು ಮರಿಯಾಗದ ಹಾಗೆ ಆಪರೇಷನ್ ಮಾಡಿಸಿ ಅಲ್ಲೇ ಬಿಟ್ಟರೆ ಹೇಗೆ ಆಗುತ್ತದೆ ಎಂಬುದನ್ನು ಬಿಡಿಸಿ ಹೇಳುತ್ತೇವೆ, ಸ್ವಲ್ಪ ಉದ್ದವಾದರೂ ಓದಿ.

ಬೆಕ್ಕು ಒಂದು ಕಾಂಪೌಂಡಿನಲ್ಲಿ ನಿಲ್ಲುವುದು ಅನ್ನ ಮತ್ತು ಅಡಗುತಾಣ ಎರಡೂ ಇದ್ದರೆ. ನಿಮ್ಮ ಕಚರಾ ಕೋಣೆಯ ಮುಚ್ಚಳವಿಲ್ಲದ ಡ್ರಮ್ಮು, ಗೇಟಿನ ಹೊರಗೆ ಮೀನು ಮಾರುವ ಮಾವಶಿ, ಪಕ್ಕದ ಹೋಟೆಲಿನ ಹಿಂಬಾಗಿಲು ಇವೆಲ್ಲ ಇದ್ದಲ್ಲೇ ಇರುತ್ತವೆ. ಆರು ಬೆಕ್ಕು ಸಾಗಿಸಿದರೆ ಆರು ಬೆಕ್ಕಿನ ಪಾಲಿನ ಅನ್ನ ಉಳಿಯುತ್ತದೆ. ಪಕ್ಕದ ಕಾಂಪೌಂಡಿನಿಂದ ಹೊಸವು ಬರುತ್ತವೆ, ಉಳಿದವುಗಳ ಮರಿಗಳು ಹೊಟ್ಟೆ ತುಂಬ ತಿಂದು ಹೆಚ್ಚು ಬದುಕುತ್ತವೆ. ಇನ್ನೊಂದು ವಿಷಯವಿದೆ. ವಾಚ್‌ಮನ್ ಕೈಗೆ ಸಿಗುವುದು ಯಾವ ಬೆಕ್ಕು? ಕರೆದರೆ ಬರುವ ಸಾಧು ಬೆಕ್ಕು. ಆಪರೇಷನ್ ಮಾಡಿಸಲು ಸುಲಭವಾಗಿ ಸಿಗುತ್ತಿದ್ದದ್ದೂ ಅದೇ. ಎಷ್ಟೋ ಸಲ ಆಪರೇಷನ್ ಆಗಿಯೇ ಹೋದದ್ದೂ ಅದೇ. ಮನುಷ್ಯರ ಹತ್ತಿರ ಸುಳಿಯದ, ಪೈಪುಗಳ ಡಕ್ಟಿನೊಳಗೆ ಮರಿ ಹಾಕುವ ಹೆಣ್ಣು ಚೀಲಕ್ಕೆ ಬೀಳುವುದಿಲ್ಲ. ಅಂದರೆ ನೀವು ಬೇಕಾದ್ದನ್ನು ಹೊರಗೆ ಹಾಕಿ ಬೇಡವಾದ್ದನ್ನು ಇಟ್ಟುಕೊಂಡಿರಿ.

ಕಾನೂನಿನ ಮಾತನ್ನು ಬೇಗ ಮುಗಿಸುತ್ತೇವೆ. ಹಸಿವು ಬಾಯಾರಿಕೆಯಿಂದ ನರಳುವ ಹಾಗೆ ಪ್ರಾಣಿಯನ್ನು ಬಿಟ್ಟುಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ಅಪರಾಧ. ಪ್ರಾಣಿಯನ್ನು ಕೊಂದರೆ, ವಿಷ ಹಾಕಿದರೆ, ಅಂಗ ಊನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಲ್ಲಿ ಐದು ವರ್ಷದವರೆಗೆ ಜೈಲು ಆಗಬಹುದು. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ 20ನೇ ನಿಯಮ ಇನ್ನೂ ಮುಂದೆ ಹೋಗಿ, ಆವರಣದ ಸಮುದಾಯ ಪ್ರಾಣಿಗಳಿಗೆ, ಅಂದರೆ ಯಾರೊಬ್ಬರೂ ಸಾಕದ ಪ್ರಾಣಿಗಳಿಗೆ, ಊಟದ ವ್ಯವಸ್ಥೆ ಮಾಡುವ ಹೊಣೆಯನ್ನು ನಿವಾಸಿಗಳ ಸಂಘದ ಮೇಲೇ ಹಾಕಿದೆ. ಮಕ್ಕಳು ಆಡುವ ಜಾಗ, ಮೆಟ್ಟಿಲು, ಗೇಟು ಇವುಗಳಿಂದ ದೂರ, ಒಪ್ಪಿದ ಹೊತ್ತಿನಲ್ಲಿ, ಕಸ ಬೀಳಿಸದೆ ಹಾಕಬೇಕು ಎಂಬ ಷರತ್ತು ಊಟ ಹಾಕುವವರಿಗೂ ಇದೆ. 2025ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶಗಳು ಮುಖ್ಯವಾಗಿ ಬೀದಿ ನಾಯಿಗಳ ಬಗ್ಗೆ. ಅವನ್ನು ಪ್ರಿಂಟ್ ತೆಗೆದು ಬೆಕ್ಕಿನ ನೋಟಿಸಿನ ಜೊತೆ ಅಂಟಿಸಬೇಡಿ.

ಇನ್ನು ಊಟ ಹಾಕುವ ನಮ್ಮಂಥವರಿಗೂ ನಾಲ್ಕು ಮಾತು, ಕಮಿಟಿಯ ಮುಂದೆಯೇ ಹೇಳಿಬಿಡುತ್ತೇವೆ. ದಾದರ್‌ನ ಕಬೂತರ್‌ಖಾನಾ, ಅಂದರೆ ಪಾರಿವಾಳಕ್ಕೆ ಕಾಳು ಹಾಕುವ ಜಾಗದ ಗಲಾಟೆ ಆದಮೇಲೆ ಪ್ರಾಣಿಗೆ ಒಂದು ಹಿಡಿ ಹಾಕುವವರನ್ನೆಲ್ಲ ಊರು ಒಂದೇ ಕಣ್ಣಿನಿಂದ ನೋಡುತ್ತಿದೆ. ಆ ಸಿಟ್ಟಿಗೆ ಕಾರಣ ಇಲ್ಲದಿಲ್ಲ. ವರ್ಷಗಟ್ಟಲೆ ಅನ್ನ ಹಾಕಿ ಒಂದು ಬೆಕ್ಕಿಗೂ ಆಪರೇಷನ್ ಮಾಡಿಸದವರು ಬೆಕ್ಕು ಸಾಕುತ್ತಿಲ್ಲ, ಮರಿ ಸಾಯುವ ಕಾರ್ಖಾನೆ ನಡೆಸುತ್ತಿದ್ದಾರೆ. ಲೆಕ್ಕ ನೋಡಿ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು. ಗರ್ಭ ಒಂಬತ್ತು ವಾರ. ಮರಿ ಹಾಲು ಕುಡಿಯುತ್ತಿರುವಾಗಲೇ ಮತ್ತೆ ಬಸಿರಾಗುತ್ತದೆ. ಹನ್ನೆರಡು ಬೆಕ್ಕಿನ ಗುಂಪಿನಲ್ಲಿ ಆರು ಹೆಣ್ಣು ಎಂದುಕೊಳ್ಳಿ. ಮೂರಕ್ಕೆ ಆಪರೇಷನ್ ಮಾಡಿಸಿ ಕೈತೊಳೆದುಕೊಂಡರೆ ಉಳಿದ ಮೂರು ಹೆಣ್ಣು ವರ್ಷಕ್ಕೆ ಎರಡು ಸೂಲು, ಸೂಲಿಗೆ ನಾಲ್ಕು ಮರಿ ಎಂದರೂ ಇಪ್ಪತ್ತನಾಲ್ಕು ಹಾಕುತ್ತವೆ. ಮೂರರಲ್ಲಿ ಎರಡು ಮರಿ ಸತ್ತರೂ ಎಂಟು ಉಳಿಯುತ್ತವೆ. ಹನ್ನೆರಡು ಇದ್ದದ್ದು ಇಪ್ಪತ್ತಾಯಿತು, ಖರ್ಚು ಮಾಡಿದ ಮೂರು ಆಪರೇಷನ್ ನೀರಲ್ಲಿ ಹೋಯಿತು. ಅದೇ ಆರರಲ್ಲಿ ಐದಕ್ಕೆ ಮಾಡಿಸಿದರೆ ಉಳಿಯುವ ಮರಿ ಎರಡೋ ಮೂರೋ. ವಾಹನಕ್ಕೆ, ರೋಗಕ್ಕೆ, ವಯಸ್ಸಿಗೆ ಹೋಗುವ ಬೆಕ್ಕುಗಳ ಲೆಕ್ಕಕ್ಕೆ ಅದು ಸರಿಹೋಗುತ್ತದೆ. ಆದ್ದರಿಂದ ತಿಂಗಳಿಗೊಂದರಂತೆ ಪುರುಸೊತ್ತಿನಲ್ಲಿ ಮಾಡಿಸುವ ಕೆಲಸ ಇದಲ್ಲ. ಇಡೀ ಗುಂಪನ್ನು ಎರಡು ಮೂರು ವಾರದಲ್ಲಿ ಮುಗಿಸಬೇಕು, ಮೊದಲು ಹೆಣ್ಣು, ಆಮೇಲೆ ಗಂಡು. ಗಂಡನ್ನಷ್ಟೇ ಮಾಡಿಸಿದರೆ ಹೊರಗಿನಿಂದ ಒಂದೇ ಒಂದು ಬೋಕಾ ಬಂದು ನಿಮ್ಮ ಲೆಕ್ಕ ಕೆಡಿಸುತ್ತದೆ. ದಪ್ಪ ಕೆನ್ನೆ, ಹರಿದ ಕಿವಿ ಇರುತ್ತದಲ್ಲ, ಆ ಗಂಡನ್ನು ಇಲ್ಲಿನವರು ಬೋಕಾ ಎನ್ನುತ್ತಾರೆ.

ಕಾಲ ಈಗಲೇ ಒಳ್ಳೆಯದು. ಮುಂಬೈಯಲ್ಲಿ ಬೆಕ್ಕು ವರ್ಷವಿಡೀ ಮರಿ ಹಾಕುತ್ತದೆ, ಆದರೂ ಹಗಲು ಉದ್ದವಾಗುತ್ತ ಹೋದಂತೆ ಬೆದೆ ಜೋರಾಗುತ್ತದೆ. ನವೆಂಬರ್‌ನಿಂದ ಜನವರಿಯೊಳಗೆ ಮುಗಿಸಿದರೆ ಬೇಸಿಗೆಯ ಸೂಲು ತಪ್ಪುತ್ತದೆ, ಮಳೆಯ ತಾಪತ್ರಯವೂ ಇಲ್ಲ.

ಮೊದಲ ಕೆಲಸ ಎಣಿಕೆ. ಏಳು ದಿನ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಊಟ ಇಟ್ಟು ಬಂದವನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ: ಬಣ್ಣ, ಹೆಣ್ಣೋ ಗಂಡೋ, ಕಿವಿ ಕತ್ತರಿಸಿದೆಯೋ, ಎಲ್ಲಿ ಮಲಗುತ್ತದೆ. ಎರಡೂ ಪಕ್ಕದ ಫೋಟೋ ಬೇಕು. ಬಿಳಿ ಮೇಲೆ ಕಪ್ಪು ಮಚ್ಚೆಯ ಬೆಕ್ಕು ನಾಲ್ಕಿದ್ದರೆ ಬಲ ಪಕ್ಕದ ಫೋಟೋ ಒಂದರಿಂದಲೇ ಎರಡನ್ನು ಒಂದು ಎಂದುಕೊಳ್ಳುವುದು ಸಾಮಾನ್ಯ. ಕಪ್ಪು, ಕೇಸರಿ, ಬಿಳಿ ಮೂರು ಬಣ್ಣ ಕಂಡರೆ ಅದು ಹೆಚ್ಚುಕಡಿಮೆ ಹೆಣ್ಣೇ. ಬರೀ ಕೇಸರಿಯದಾದರೆ ಬಹುಪಾಲು ಗಂಡು. ಮರಿಗಳಲ್ಲಿ ಬಾಲ ಎತ್ತಿ ನೋಡಿ: ಗಂಡಾದರೆ ವಿಸರ್ಗದ ಹಾಗೆ ಎರಡು ಸೊನ್ನೆ ದೂರ ದೂರ, ಹೆಣ್ಣಾದರೆ ಸೊನ್ನೆಯ ಕೆಳಗೇ ಅಂಟಿದ ಹಾಗೆ ಒಂದು ಸೀಳು. ಕಿವಿಯ ತುದಿ ನೇರವಾಗಿ ಕತ್ತರಿಸಿದ್ದರೆ ಆಪರೇಷನ್ ಆಗಿದೆ ಎಂದೇ ಅರ್ಥ. ಅರಿವಳಿಕೆಯಲ್ಲೇ ಸುಮಾರು ಒಂದು ಸೆಂಟಿಮೀಟರ್ ತೆಗೆಯುತ್ತಾರೆ, ಅದನ್ನು ಕ್ರೌರ್ಯ ಎಂದು ತಪ್ಪು ತಿಳಿಯಬೇಡಿ. ಆ ಗುರುತಿಲ್ಲದಿದ್ದರೆ ಅದೇ ಹೆಣ್ಣನ್ನು ಮತ್ತೆ ಹಿಡಿದು ಮತ್ತೆ ಹೊಟ್ಟೆ ಕೊಯ್ಯಬೇಕಾಗುತ್ತದೆ.

ಊಟದ ಬಗ್ಗೆ ನಮ್ಮವರಿಗೇ ಹೆಚ್ಚು ಹೇಳಬೇಕು. ನಮ್ಮ ಮನೆಗಳಿಂದ ಬೆಕ್ಕಿಗೆ ಹೋಗುವುದು ಹಾಲನ್ನ ಅಥವಾ ನಿನ್ನೆಯ ಸಾಂಬಾರ್ ಅನ್ನ. ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲಿನ ಸಕ್ಕರೆ ಜೀರ್ಣವಾಗುವುದಿಲ್ಲ, ಭೇದಿಯಾಗುತ್ತದೆ. ನೀವು ಮೀಟಿಂಗ್‌ನಲ್ಲಿ ಮೂಗು ಮುಚ್ಚಿಕೊಂಡು ಹೇಳುವ ಆ ವಾಸನೆ ಎಷ್ಟೋ ಸಲ ಮೂರನೇ ಮಾಳಿಗೆಯಿಂದ ಇಳಿದ ಹಾಲಿನದೇ. ಸಾಂಬಾರಿನ ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ನಾಲ್ಕು ಕಿಲೋದ ಬೆಕ್ಕಿಗೆ ದಿನಕ್ಕೆ 200ರಿಂದ 250 ಕ್ಯಾಲರಿ ಸಾಕು. ಒಣ ಆಹಾರವಾದರೆ ಸುಮಾರು 60 ಗ್ರಾಂ, ಹನ್ನೆರಡು ಬೆಕ್ಕಿಗೆ ಮುಕ್ಕಾಲು ಕಿಲೋಗಿಂತ ಸ್ವಲ್ಪ ಕಡಿಮೆ. ಕೋಳಿ ಬೇಯಿಸಿ ಹಾಕುವವರು ತಲೆಗೆ ನೂರು ಗ್ರಾಂ ಮಾಂಸ, ಒಂದು ಸಣ್ಣ ಹಿಡಿ ಅನ್ನ ಲೆಕ್ಕ ಇಟ್ಟುಕೊಳ್ಳಿ. ಉಪ್ಪು, ಮಸಾಲೆ ಬೇಡ, ಬೆಂದ ಮೂಳೆ ಬೇಡವೇ ಬೇಡ, ಅದು ಚೂರಾಗಿ ಗಂಟಲಿಗೆ ಚುಚ್ಚುತ್ತದೆ. ಬರೀ ಕೋಳಿ-ಅನ್ನದಲ್ಲಿ ಬೆಕ್ಕಿಗೆ ಬೇಕೇ ಬೇಕಾದ ಟಾರಿನ್ ಎಂಬ ಪೋಷಕಾಂಶ, ಸುಣ್ಣದ ಅಂಶ ಸಾಲದಾಗುತ್ತವೆ, ಆದ್ದರಿಂದ ಒಂದು ಹೊತ್ತಾದರೂ ಒಣ ಆಹಾರ ಕೊಡಿ. ಹಸಿ ಮೀನು ದಿನಾ ಹಾಕಿದರೆ ಬಿ1 ಜೀವಸತ್ವ ಹಾಳಾಗುತ್ತದೆ. ಬೂತಾಯಿ, ಬಾಂಗ್ಡೆ ಬೇಯಿಸಿ ಆಗೊಮ್ಮೆ ಈಗೊಮ್ಮೆ ಹಾಕಿದರೆ ಸಾಕು.

ಹನ್ನೆರಡಕ್ಕೆ ನಾಲ್ಕು ತಟ್ಟೆ ಬೇಕು, ತಟ್ಟೆಗೆ ತಟ್ಟೆಗೆ ಮೂರು ಅಡಿ ಅಂತರ. ಒಂದೇ ತಟ್ಟೆ ಇಟ್ಟರೆ ಜೋರಿನವು ತಿಂದು ಹೋಗುತ್ತವೆ, ನಿಮಗೆ ಹಿಡಿಯಬೇಕಾದ ಅಂಜುಬುರುಕ ಹೆಣ್ಣು ಹತ್ತಿರವೇ ಬರುವುದಿಲ್ಲ. ಇಪ್ಪತ್ತೈದು ನಿಮಿಷವಾದ ಮೇಲೆ ತಟ್ಟೆ ಎತ್ತಿ ನೆಲ ಒರೆಸಿ. ಉಳಿದ ಊಟ ರಾತ್ರಿ ಇಲಿಗೆ, ಬೆಳಗ್ಗೆ ಕಾಗೆಗೆ, ಆಮೇಲೆ ನಿಮ್ಮ ದೂರಿನ ಅರ್ಜಿಗೆ. ಇರುವೆ ಕಾಟಕ್ಕೆ ತಟ್ಟೆಯನ್ನು ನೀರು ತುಂಬಿದ ದೊಡ್ಡ ತಟ್ಟೆಯ ನಡುವೆ ಇಡಿ. ನೀರಿನ ಬೋಗುಣಿ ಮಾತ್ರ ದಿನವಿಡೀ ಇರಲಿ, ಸೊಳ್ಳೆ ಮೊಟ್ಟೆ ಇಡದ ಹಾಗೆ ದಿನಾ ಉಜ್ಜಿ ಬದಲಿಸಿ.

ಈಗ ಬೋನು. ಆಪರೇಷನ್ ಎಲ್ಲಿ, ದಿನಕ್ಕೆ ಎಷ್ಟು ಬೆಕ್ಕು ತೆಗೆದುಕೊಳ್ಳುತ್ತಾರೆ ಎಂಬುದನ್ನು ವೈದ್ಯರ ಹತ್ತಿರ ಗೊತ್ತು ಮಾಡಿಕೊಂಡೇ ಬೋನು ಇಡಬೇಕು. ಹಿಡಿದ ಮೇಲೆ ಜಾಗ ಹುಡುಕುವುದು ದೊಡ್ಡ ತಪ್ಪು. ಬೋನು 30 ಇಂಚು ಉದ್ದ, ಅಗಲ ಎತ್ತರ 12 ಇಂಚು ಇರಲಿ. ಹಿಂದೆಯೂ ಒಂದು ಎತ್ತುವ ಬಾಗಿಲಿದ್ದರೆ ಪಂಜರಕ್ಕೆ ದಾಟಿಸಲು ಸುಲಭ. ಬೆಕ್ಕಿಗೆ ತಂತಿಯ ನೆಲ ಮೆಟ್ಟಲು ಇಷ್ಟವಿಲ್ಲ, ನಾಲ್ಕು ಮಡಿಕೆ ಪೇಪರ್ ಹಾಸಿ. ಗಾಳಿಗೆ ಪಟಪಟ ಎಂದರೆ ಹತ್ತಿರ ಬರುವುದಿಲ್ಲ, ಬಟ್ಟೆಯ ಕ್ಲಿಪ್ ಹಾಕಿ ಕೂರಿಸಿ. ಆಮಿಷಕ್ಕೆ ಹುರಿದ ಬಾಂಗ್ಡೆಗಿಂತ ಒಳ್ಳೆಯದು ಇನ್ನೊಂದಿಲ್ಲ, ಒಂದು ಚಮಚದಷ್ಟು ಸಾಕು. ಅದನ್ನು ಕಾಲಿಟ್ಟರೆ ಬಾಗಿಲು ಬೀಳುವ ಪಟ್ಟಿಯ ಆಚೆ, ಹಿಂದಿನ ಗೋಡೆಗೆ ತಾಗಿಸಿ, ಬಾಳೆಲೆ ಚೂರಿನ ಮೇಲೋ ಡಬ್ಬಿಯ ಮುಚ್ಚಳದಲ್ಲೋ ಇಡಿ. ಆಮಿಷ ಪಟ್ಟಿಯ ಈಚೆ ಇದ್ದರೆ ಬೆಕ್ಕು ಕತ್ತು ಚಾಚಿ ತಿಂದು ಹಿಂದಕ್ಕೆ ಹೋಗುತ್ತದೆ. ಬದಿಯ ತಂತಿಗೆ ಹತ್ತಿರವಿದ್ದರೆ ಹೊರಗಿನಿಂದಲೇ ಪಂಜ ಹಾಕಿ ಎಳೆಯುತ್ತದೆ. ಬಾಗಿಲಿನ ಮುಂದೆ ಎರಡು ಮೂರು ಹನಿ ಮೀನಿನ ಸಾರು ಚಿಮುಕಿಸಿ.

ಬೋನು ಇಡುವ ಮುನ್ನ 24 ಗಂಟೆ ಯಾರೂ ಊಟ ಹಾಕಬಾರದು, ನೀರು ಮಾತ್ರ. ಕೆಲಸ ಕೆಡುವುದು ಇಲ್ಲೇ. ಹತ್ತು ಮನೆಯವರು ಒಪ್ಪಿರುತ್ತಾರೆ, ಹನ್ನೊಂದನೇ ಮನೆಯ ಅಜ್ಜಿ 'ಪಾಪ' ಎಂದು ಕಿಟಕಿಯಿಂದ ಮೀನಿನ ತಲೆ ಎಸೆಯುತ್ತಾರೆ, ಆ ರಾತ್ರಿಯ ಎಲ್ಲ ಬೋನೂ ಖಾಲಿ. ಲಿಫ್ಟಿನಲ್ಲಿ ಹಿಂದಿನ ದಿನವೇ ನೋಟಿಸ್ ಹಚ್ಚಿ ಎಂದು ಕೇಳುವುದು ಇದಕ್ಕೇ. ಗದ್ದಲ ಅಡಗಿದ ಮೇಲೆ, ರಾತ್ರಿ ಹತ್ತೂವರೆಯಿಂದ ಒಂದರವರೆಗೆ, ಇಲ್ಲವೇ ಹಾಲಿನವನು ಬರುವ ಮೊದಲು ಬೋನು ಇಡಿ. ಇಟ್ಟು ಮನೆಗೆ ಹೋಗಬೇಡಿ. ಬಾಗಿಲು ಬಿದ್ದ ತಕ್ಷಣ ಹಳೆಯ ಬೆಡ್‌ಶೀಟಿನಿಂದ ಇಡೀ ಬೋನು ಮುಚ್ಚಬೇಕು. ಕತ್ತಲಾದರೆ ಬೆಕ್ಕು ಸುಮ್ಮನಾಗುತ್ತದೆ. ಮುಚ್ಚದೆ ಬಿಟ್ಟರೆ ತಂತಿಗೆ ಮುಖ ಹೊಡೆದು ಮೂಗು ಒಡೆದುಕೊಳ್ಳುತ್ತದೆ, ಆ ಸದ್ದಿಗೆ ಉಳಿದವು ವಾರ ಹತ್ತಿರ ಬರುವುದಿಲ್ಲ. ಒಂದು ಬೋನಿಗೆ ಒಂದೇ ಬೆಕ್ಕು. ಕೈ ಒಳಗೆ ಹಾಕಿ ಸಮಾಧಾನ ಮಾಡಲು ಹೋಗಬೇಡಿ.

ಒಮ್ಮೆ ಬೋನಿನಿಂದ ತಪ್ಪಿಸಿಕೊಂಡ ಬೆಕ್ಕು ತೆನಾಲಿ ರಾಮಕೃಷ್ಣನ ಬೆಕ್ಕಿನ ಹಾಗೆ, ಬಿಸಿ ಹಾಲಿಗೆ ಬಾಯಿಟ್ಟು ಸುಟ್ಟುಕೊಂಡದ್ದು ಮತ್ತೆ ಹಾಲು ಕಂಡರೆ ಓಡಿತಲ್ಲ, ಹಾಗೆ. ಅಂಥದಕ್ಕೆ ಬಾಗಿಲನ್ನು ಹಗ್ಗದಿಂದ ಮೇಲಕ್ಕೆ ಕಟ್ಟಿ, ಒಂದು ವಾರ ಬೋನಿನೊಳಗೇ ಊಟ ಇಡಿ, ತಟ್ಟೆ ದಿನಕ್ಕೆ ಒಂದು ಗೇಣು ಹಿಂದಕ್ಕೆ ಹೋಗಲಿ. ಅದಕ್ಕೂ ಬಗ್ಗದಿದ್ದರೆ ಚಿಕ್ಕಂದಿನಲ್ಲಿ ಗುಬ್ಬಿ ಹಿಡಿಯುತ್ತಿದ್ದ ಬುಟ್ಟಿ, ಕೋಲು, ಹಗ್ಗದ ಉಪಾಯವೇ ಗತಿ. ಮೂರಡಿ ಚೌಕದ, ಬಲೆ ಬಿಗಿದ ಮರದ ಚೌಕಟ್ಟನ್ನು ಕೋಲಿನ ಮೇಲೆ ಓರೆ ನಿಲ್ಲಿಸಿ, ಬೆಕ್ಕು ಪೂರ್ತಿ ಒಳಗೆ ಬಂದು ತಲೆ ತಗ್ಗಿಸಿ ತಿನ್ನತೊಡಗಿದ ಮೇಲೆ ಹಗ್ಗ ಎಳೆಯಬೇಕು. ಅವಸರಪಟ್ಟರೆ ಚೌಕಟ್ಟು ಬೆನ್ನಿನ ಮೇಲೆ ಬೀಳುತ್ತದೆ. ಮೇಲೆ ಕೂಡಲೇ ಒಬ್ಬರು ಕೈ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಎತ್ತಿಕೊಂಡೇ ಓಡುತ್ತದೆ.

ಹಿಡಿದ ಹೆಣ್ಣಿನ ಮೊಲೆತೊಟ್ಟು ಕೆಂಪಾಗಿ, ಸುತ್ತ ಕೂದಲು ಸವೆದಿದ್ದರೆ ಮರಿಗಳು ಎಲ್ಲೋ ಕಾಯುತ್ತಿವೆ. ಡಕ್ಟು, ಮೀಟರ್ ಕೋಣೆ, ಟೆರೇಸಿನ ಮೇಲೆ ಯಾರೋ ಬಿಸಾಡಿದ ಸೋಫಾದ ಹೊಟ್ಟೆ, ಇಷ್ಟನ್ನು ಹುಡುಕಿ. ಮರಿ ತೀರಾ ಎಳೆಯದಾದರೆ ತಾಯಿಯನ್ನು ಬಿಟ್ಟು ನೋಟ್‌ಬುಕ್ಕಿನಲ್ಲಿ ತಾರೀಖು ಬರೆದಿಟ್ಟು ಐದಾರು ವಾರ ಕಾಯಿರಿ. ಮತ್ತೆ ಸಿಗುವ ಭರವಸೆಯೇ ಇಲ್ಲದ ಬೆಕ್ಕಾದರೆ ಆಪರೇಷನ್ ಮಾಡಿಸಿ, ಅದು ಪೂರ್ತಿ ಎಚ್ಚರವಾಗುತ್ತಲೇ ಅದೇ ದಿನ ಬಿಡಬಹುದು. ಹಾಲು ನಿಲ್ಲುವುದಿಲ್ಲ. ಬೆಕ್ಕು ಮರಿಯನ್ನು ಏಳು ಮನೆ ತಿರುಗಿಸುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದದ್ದು ಸುಳ್ಳಲ್ಲ. ಒಂದೊಂದಾಗಿ ಸಾಗಿಸುವಾಗ ನಡುವೆ ಒಂಟಿಯಾಗಿ ಕಂಡ ಮರಿಯನ್ನು ಜನ ಅನಾಥ ಎಂದು ಎತ್ತಿಕೊಂಡು ಹೋಗುತ್ತಾರೆ. ಮೈ ಶುಚಿಯಾಗಿದ್ದು, ಹೊಟ್ಟೆ ದುಂಡಗಿದ್ದು, ಸುಮ್ಮನೆ ಮಲಗಿದ್ದರೆ ಕೆಲವು ಗಂಟೆ ದೂರದಿಂದ ನೋಡಿ, ತಾಯಿ ಬರುತ್ತದೆ. ಮೈ ತಣ್ಣಗಾಗಿ ಅರಚುತ್ತಿದ್ದರೆ ಮಾತ್ರ ಎತ್ತಿ. ಮೊದಲು ಬೆಚ್ಚಗೆ ಮಾಡಿ, ಆಮೇಲೆ ಆಹಾರ. ತಣ್ಣಗಿರುವ ಮರಿಗೆ ಕುಡಿಸಿದ್ದು ಜೀರ್ಣವಾಗುವುದಿಲ್ಲ.

ಆಪರೇಷನ್ನಿಗೆ ಮೊದಲು ದೊಡ್ಡ ಬೆಕ್ಕು ಎಂಟು ಗಂಟೆಯಾದರೂ ಖಾಲಿ ಹೊಟ್ಟೆಯಲ್ಲಿರಬೇಕು. ಹೊಟ್ಟೆಯಲ್ಲಿದ್ದದ್ದು ಅರಿವಳಿಕೆಯಲ್ಲಿ ವಾಂತಿಯಾಗಿ ಶ್ವಾಸಕೋಶಕ್ಕೆ ಹೋಗುತ್ತದೆ. ಮರಿಗಳಿಗೆ ಅಷ್ಟು ಉಪವಾಸ ಮಾಡಿಸಿದರೆ ರಕ್ತದ ಸಕ್ಕರೆ ಇಳಿದು ಅದೇ ಅಪಾಯ, ಅವಕ್ಕೆ ಎರಡರಿಂದ ನಾಲ್ಕು ಗಂಟೆ ಸಾಕು. ಅದೇ ಅರಿವಳಿಕೆಯಲ್ಲಿ ರೇಬೀಸ್ ಲಸಿಕೆಯನ್ನೂ ಹಾಕಿಸಿ. ನಿಮ್ಮಿಂದ ಒಂದು ಖಾಲಿ ಕೋಣೆ ಬೇಕಾಗುವುದು ಇದರ ನಂತರ. ಗಂಡಿಗೆ ಒಂದು ದಿನ, ಹೆಣ್ಣಿಗೆ ಮೂರು ದಿನ, ಎರಡಡಿ ಮೂರಡಿ ಪಂಜರದಲ್ಲಿ, ಪೇಪರ್ ಹಾಸಿ, ಅರೆಗತ್ತಲಲ್ಲಿ. ನೆಲದ ಮೇಲೆ ಪಂಜರ ಇಡಬೇಡಿ. ಅರಿವಳಿಕೆಯ ಬೆಕ್ಕಿನ ಮೈ ಬೇಗ ತಣ್ಣಗಾಗುತ್ತದೆ, ಕೆಳಗೆ ರಟ್ಟು ಬೇಕು. ಅಮಲು ಪೂರ್ತಿ ಇಳಿಯದೆ ಬಿಟ್ಟ ಬೆಕ್ಕು ಕಾರಿನ ಚಕ್ರದಡಿ ಮಲಗುತ್ತದೆ, ಇಲ್ಲವೇ ಕಟ್ಟೆಯಿಂದ ಬೀಳುತ್ತದೆ. ಗಾಯ ದಿನಕ್ಕೆರಡು ಸಲ ನೋಡಿ: ಊತ, ಕೀವು, ವಾಸನೆ ಇದ್ದರೆ ವೈದ್ಯರಿಗೆ ಫೋನ್. ನೋವು ಎಂದು ಪ್ಯಾರಾಸಿಟಮಾಲ್ ಕೊಡಬೇಡಿ, 500 ಮಿಲಿಗ್ರಾಮಿನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಬಿಡುವುದು ಹಿಡಿದ ಜಾಗದಲ್ಲೇ. ಗಂಡಿನ ಮೂತ್ರದ ಗಬ್ಬು, ರಾತ್ರಿಯ ಜಗಳ ಮರುದಿನವೇ ನಿಲ್ಲದಿದ್ದರೆ ನಮ್ಮನ್ನು ಬೈಯಬೇಡಿ, ಹಾರ್ಮೋನ್ ಇಳಿಯಲು ಕೆಲವು ವಾರ ಬೇಕು.

ಸ್ಟಿಲ್ಟಿನ ಗಲೀಜಿಗೆ ಮದ್ದು ಮರಳು. ಹಿಂದಿನ ಕಾಂಪೌಂಡ್ ಗೋಡೆಯ ಬದಿ ಎರಡಡಿ ಮೂರಡಿ ಅಳತೆಯ, ಅರ್ಧ ಅಡಿ ಆಳದ ಮರಳಿನ ತೊಟ್ಟಿ ಎರಡು ಮಾಡಿ, ಮೇಲೊಂದು ತಗಡು, ನೀರು ಬಸಿಯಲು ತಳದಲ್ಲಿ ತೂತು. ಅವುಗಳದೇ ಮಲ ಒಂದೆರಡು ತುಂಡು ಮೊದಲ ದಿನ ಅದರಲ್ಲಿ ಹಾಕಿದರೆ ಜಾಗ ಗೊತ್ತಾಗುತ್ತದೆ. ದಿನಾ ಬಾಚಿ ತೆಗೆಯಬೇಕು, ಅದು ನಮ್ಮ ಕೆಲಸ. ದಿನಾ ತೆಗೆದರೆ ಬಸುರಿಯರ ಬಗ್ಗೆ ಕೇಳಿಬರುವ ಟಾಕ್ಸೊಪ್ಲಾಸ್ಮಾ ಭಯಕ್ಕೂ ಉತ್ತರವಾಗುತ್ತದೆ: ಮಲದಲ್ಲಿ ಬಿದ್ದ ಆ ಪರೋಪಜೀವಿ ಸೋಂಕು ಹಚ್ಚುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಹಿಡಿಯುತ್ತದೆ. ಬಸುರಿಯರು ತೊಟ್ಟಿ ಮುಟ್ಟದಿದ್ದರಾಯಿತು. ಕರಿ ಫಿನಾಯಿಲ್ ಸುರಿಯಬೇಡಿ. ಬೆಕ್ಕು ಪಂಜ ನೆಕ್ಕಿ ಬಾಯಿ ಹುಣ್ಣಾಗಿ ಊಟ ಬಿಡುತ್ತದೆ, ಮರಿಗಳನ್ನು ಸಾಲಾಗಿ ಕೊಲ್ಲುವ ಪ್ಯಾನ್‌ಲ್ಯೂಕೋಪೀನಿಯ ವೈರಸ್ಸಂತೂ ಫಿನಾಯಿಲ್‌ಗೆ ಜಗ್ಗುವುದಿಲ್ಲ. ಮೊದಲು ಸೋಪು ನೀರಲ್ಲಿ ತೊಳೆದು, ಒಂದು ಪಾಲು ಬ್ಲೀಚಿಗೆ ಮೂವತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ಬಿಟ್ಟು ತೊಳೆಯಿರಿ.

ಪೆಸ್ಟ್ ಕಂಟ್ರೋಲಿನವರನ್ನು ಕರೆಸುವ ಮುನ್ನ ದಯವಿಟ್ಟು ಯಾವ ವಿಷ ಎಂದು ಕೇಳಿ. ಬ್ರೊಮಾಡಿಯೋಲೋನ್ ಎಂಬ ಇಲಿ ವಿಷದ ಕೇಕು ತಿಂದ ಇಲಿ ಕೂಡಲೇ ಸಾಯುವುದಿಲ್ಲ, ಕೆಲವು ದಿನ ಮಂಕಾಗಿ ಓಡಾಡುತ್ತದೆ. ಆ ಮಂಕು ಇಲಿಯೇ ಬೆಕ್ಕಿಗೆ ಸುಲಭದ ತುತ್ತು. ವಸಡು ಬಿಳಿಚಿಕೊಂಡು ಮೂಗಿನಲ್ಲಿ ರಕ್ತ ಬಂದರೆ ಕೆ1 ಜೀವಸತ್ವದಿಂದ ಇನ್ನೂ ಉಳಿಸಬಹುದು, ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಹಿಟ್ಟಿನಲ್ಲಿ ಕಲಸುವ ಕಪ್ಪು ಪುಡಿ ಜಿಂಕ್ ಫಾಸ್ಫೈಡ್‌ಗೆ ಮಾತ್ರ ಪ್ರತಿವಿಷವಿಲ್ಲ. ಅಂಟಿನ ಹಲಗೆಗೆ ಮರಿ ಸಿಕ್ಕಿಕೊಂಡರೆ ಎಳೆಯಬೇಡಿ, ಸೀಮೆಎಣ್ಣೆ ಹಾಕಬೇಡಿ. ಅಡುಗೆ ಎಣ್ಣೆ ಸವರಿ ಮೆಲ್ಲಗೆ ಬಿಡಿಸಿ. ಬೆಕ್ಕಿದ್ದರೆ ಇಲಿಯೇ ಇರುವುದಿಲ್ಲ ಎಂದು ನಾವು ಹೇಳುವುದಿಲ್ಲ. ಮುಂಬೈಯ ಹೆಗ್ಗಣ ಎದುರು ನಿಂತರೆ ಎಷ್ಟೋ ಬೆಕ್ಕು ದಾರಿ ಬಿಡುತ್ತವೆ. ಸಣ್ಣ ಇಲಿಗಳನ್ನು ಹದ್ದುಬಸ್ತಿನಲ್ಲಿಡುತ್ತವೆ, ಅಷ್ಟೇ. ಕಚರಾ ಡ್ರಮ್ಮಿಗೆ ಬಿಗಿ ಮುಚ್ಚಳ, ಬಿಲಕ್ಕೆ ಗಾಜಿನ ಚೂರು ಬೆರೆಸಿದ ಸಿಮೆಂಟು, ಇವೆರಡು ಮಾಡದೆ ವಿಷ ಇಡುವುದು ದುಡ್ಡು ದಂಡ. ಮಳೆಗಾಲದಲ್ಲಿ ಲೆಪ್ಟೊ, ಅಂದರೆ ಇಲಿ ಜ್ವರ, ಹರಡುವುದು ಇಲಿಯ ಮೂತ್ರ ಬೆರೆತ ನೀರಿನಿಂದ ಎಂಬುದು 2005ರ ಪ್ರವಾಹ ಕಂಡ ನಮ್ಮೆಲ್ಲರಿಗೂ ಗೊತ್ತು.

ಕಾರಿನ ಬಾನೆಟ್ ಮೇಲಿನ ಹೆಜ್ಜೆಗುರುತು, ಸ್ಕೂಟರ್ ಸೀಟು ಹರಿದದ್ದು, ಈ ದೂರು ನಿಜ. ಸೀಟಿನ ಮೇಲೆ ದಪ್ಪ ರೆಕ್ಸಿನ್ ಹೊದಿಕೆ ಹಾಕಿ, ಪಕ್ಕದಲ್ಲಿ ಉಗುರು ಮಸೆಯಲು ತೆಂಗಿನ ನಾರಿನ ಹಗ್ಗ ಸುತ್ತಿದ ಒಂದು ಗೂಟ ನಿಲ್ಲಿಸಲು ಬಿಡಿ. ಮಳೆಗಾಲದಲ್ಲಿ ಮರಿಗಳು ಎಂಜಿನ್ ಒಳಗೆ ಸೇರುತ್ತವೆ, ಸ್ಟಾರ್ಟ್ ಮಾಡುವ ಮುನ್ನ ಬಾನೆಟ್ಟಿಗೆ ಎರಡು ಸಲ ತಟ್ಟಿ. ಅವು ಅಲ್ಲಿಗೆ ಹೋಗಬಾರದೆಂದರೆ ಬೇರೆ ಒಣ ಜಾಗ ಬೇಕು. ಮೀನು ಮಾರ್ಕೆಟಿನಲ್ಲಿ ಬಿಸಾಡುವ ಥರ್ಮಾಕೋಲ್ ಪೆಟ್ಟಿಗೆ ತೊಳೆದು ಒಣಗಿಸಿ, ಒಂದು ಬದಿಗೆ ಆರಿಂಚಿನ ತೂತು ಕೊರೆದು, ನಾಲ್ಕು ಇಟ್ಟಿಗೆಯ ಮೇಲೆ ಇಡಿ. ಒಳಗೆ ಬಟ್ಟೆ ಹಾಸಬೇಡಿ, ಜುಲೈಯಲ್ಲಿ ಅದು ಒಣಗುವುದೇ ಇಲ್ಲ. ಮೇ ತಿಂಗಳಲ್ಲಿ ಹಾಪುಸ್ ಮಾವಿನ ಪೆಟ್ಟಿಗೆಯ ಜೊತೆ ಮನೆಗೆ ಬರುವ ಹುಲ್ಲನ್ನು ಎತ್ತಿಟ್ಟುಕೊಂಡರೆ ಒಂದು ಮಳೆಗಾಲ ಕಳೆಯುತ್ತದೆ.

ಬೆಕ್ಕು ಕಚ್ಚಿದರೆ, ಪರಚಿದರೆ ಹರಿಯುವ ನೀರು ಮತ್ತು ಸೋಪಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ ಹಚ್ಚಿ ಮನೆಯಲ್ಲಿ ಕೂರಬೇಡಿ. ಈ ಒಂದು ಸಾಲನ್ನು ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ನೋಟಿಸ್ ಬೋರ್ಡಿನಲ್ಲಿ ಬರೆಸಿ.

ನಿಮ್ಮಿಂದ ನಮಗೆ ಬೇಕಾದ್ದು ಇಷ್ಟು: ಊಟಕ್ಕೆ ಮತ್ತು ಮರಳಿನ ತೊಟ್ಟಿಗೆ ಹಿಂದಿನ ಕಾಂಪೌಂಡಿನಲ್ಲಿ ಗೊತ್ತಾದ ಜಾಗ, ಪಂಪ್ ಕೋಣೆಯೋ ಹಳೆಯ ಆಫೀಸೋ ಯಾವುದಾದರೂ ಖಾಲಿ ಕೋಣೆಯ ಬೀಗದ ಕೈ ಹತ್ತು ದಿನದ ಮಟ್ಟಿಗೆ, ಬೋನು ಇಡುವ ದಿನಗಳ ನೋಟಿಸ್ ಸೆಕ್ರೆಟರಿಯವರ ಸಹಿಯಲ್ಲಿ. ಆಪರೇಷನ್ ಖರ್ಚನ್ನು ಊಟ ಹಾಕುವವರೇ ಚಂದಾ ಎತ್ತಿ ಹೊರುತ್ತಾರೆ, ಸೊಸೈಟಿಯ ಫಂಡಿಗೆ ಕೈ ಹಾಕುವುದಿಲ್ಲ. ಎಣಿಕೆಯ ನೋಟ್‌ಬುಕ್ಕು ಆಫೀಸಿನಲ್ಲೇ ಇರಲಿ, ಮುಂದಿನ ಮೀಟಿಂಗ್‌ನಲ್ಲಿ ಯಾರು ಬೇಕಾದರೂ ತೆರೆದು ಎಷ್ಟಿತ್ತು, ಎಷ್ಟಾಯಿತು ಎಂದು ಕೇಳಲಿ. ರಾತ್ರಿ ಪಾಳಿಯ ವಾಚ್‌ಮನ್‌ಗೆ ಮಾತ್ರ ಇವತ್ತೇ ಒಂದು ಮಾತು ಹೇಳಿಡಿ: ಬೆಡ್‌ಶೀಟ್ ಮುಚ್ಚಿದ ಬೋನು ಕಂಡರೆ ಎತ್ತಿ ನೋಡುವುದು ಬೇಡ.

ಇಂತಿ,
ಸೊಸೈಟಿಗಳ ಹಿಂದಿನ ಕಾಂಪೌಂಡಿನಲ್ಲಿ ಬೆಕ್ಕುಗಳಿಗೆ ಊಟ ಹಾಕುವವರು,
ಮುಂಬೈ